ಉಸಿರಾಡಿದ ನಳ

ಸಿಂಧನೂರಿನ ಆಸೀಮನ ಗಂಟಲಿನಲ್ಲಿ ಒಂದು ಇಡೀ ತಾಲ್ಲೂಕು ಬಾಡಿಗೆಗಿತ್ತು. ಭತ್ತದ ಲಾರಿ ಏರು ಹತ್ತುವಾಗ ನರಳುವ ಸದ್ದು, ಸೀಟಿ ಹೊಡೆಯುವ ಮೊದಲು ಮುನಿಸಿಕೊಂಡು ಬುಸುಗುಡುವ ಕುಕ್ಕರು, ಮದುವೆ ಮನೆಯ ಮೈಕು ಮೊದಲು ಕಿರುಚಿಕೊಂಡು ಆಮೇಲೆ ಮಾತಾಡುವ ರೀತಿ, ಯಾವುದು ಬೇಕು ಕೇಳಿ, ತುಟಿ ಒಂದಿಷ್ಟು ಸೊಟ್ಟ ಮಾಡಿ ಕೊಟ್ಟುಬಿಡುತ್ತಿದ್ದ. ಬೆಳಿಗ್ಗೆ ಅವನು ಹತ್ತುವ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು "ಮಸ್ಕಿ-ಮಸ್ಕಿ-ಮಸ್ಕಿ… ಲಿಂಗ್ಸೂರ!" ಅಂತ ಕೂಗಿದರೆ, ಒಳಗಿನಿಂದ ಆಸೀಮ್ ಅದೇ ದನಿಯಲ್ಲಿ "ಹಿಂದ ಸರೀರಿ, ಹಿಂದ ಜಾಗಾ ಭಾಳ ಐತಿ" ಅನ್ನುತ್ತಿದ್ದ. ಜನ ಸರಿಯುತ್ತಿದ್ದರು. ಜಾಗ ಆಗುತ್ತಿತ್ತು. ಆ ಜಾಗದಲ್ಲಿ ಆಸೀಮ್ ಕೂಡುತ್ತಿದ್ದ.

ಮಸ್ಕಿಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಅವನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ. ಊಟದ ಡಬ್ಬಿ ತಾನೇ ಒಯ್ಯಬೇಕು. ಅಲ್ಲಿನ ಪ್ರಿನ್ಸಿಪಾಲ್ ಸಾಲಗುಂದದ ಮೈಲಾರಲಿಂಗಪ್ಪನವರ ದನಿಯಂತೂ ಅವನಿಗೆ ಕರತಲಾಮಲಕ, ಅಲ್ಲಲ್ಲ, ಗಂಟಲಾಮಲಕ. ಅವರು ಯಾವ ಮಾತನ್ನೂ ನೇರ ಶುರು ಮಾಡಿದವರಲ್ಲ. "ನೋಡ್ರಿ…" ಅಂತ ಒಂದು ಗೇರು, "ಹ್ಹೂಂಮ್…" ಅಂತ ಇನ್ನೊಂದು, ಆಮೇಲೆ "ಮಾತಂದ್ರ ಮಾತು" ಅಂತ ಗಾಡಿ ಹೊರಡುತ್ತಿತ್ತು.

ಇಂಥ ಆಸೀಮನನ್ನು ಸೋಲಿಸಿದ್ದು ಅವನ ಮನೆ ಬಚ್ಚಲಿನ ನಳ.

ಒಂದು ರವಿವಾರ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದ. ನಳ ಸೋರುತ್ತಿತ್ತು. ಟಪ್… ಟಪ್… ಟಪ್. ಬಾಯಲ್ಲಿ ಬ್ರಶ್ಶಿದ್ದರೂ ನಾಲಿಗೆ ಸುಮ್ಮನಿರಲಿಲ್ಲ, ಅದೂ ಟಪ್… ಟಪ್ ಅಂದಿತು. ಸರಿಯಾಗಿ ಕೂಡಿತು. ನಳವನ್ನು ಕೂದಲೆಳೆಯಷ್ಟು ತಿರುಗಿಸಿದ. ಈಗ ಹನಿಗಳು ಜೋಡಿಜೋಡಿಯಾಗಿ ಬಿದ್ದವು: ಟಪ್-ಟಪ… ಟಪ್-ಟಪ… ಕುಂಟುತ್ತ ನಡೆಯುವವನ ಹೆಜ್ಜೆಯ ಹಾಗೆ. ಅದನ್ನೂ ನಾಲಿಗೆ ಹಿಡಿಯಿತು. ಇನ್ನೊಂದು ಕೂದಲೆಳೆ ತಿರುಗಿಸಿದ. ಟಪ. ಟಪ್‌ಟಪ. ಟ… ಟಪಟಪ್… ಟಪ. ಆಸೀಮ್ ಬಾಯಿ ತೆರೆದಾಗ ಹನಿ ಬೀಳಲಿಲ್ಲ, ಮುಚ್ಚಿದಾಗ ಎರಡು ಬಿದ್ದವು. ಲಯ ಹಿಡಿಯಲು ಹೋದವನಿಗೆ ಪ್ರಳಯ ಸಿಕ್ಕಿತು. ಪೇಸ್ಟು ಗದ್ದದಿಂದ ಎದೆಗಿಳಿಯಿತು. ತಾಯಿ ಚಾಂದ್‌ಬೀ ಬಂದು "ಕ್ಯಾ ಕರ್‌ರಾ ರೇ? ನಳದ ಜೋಡಿ ಮಾತಾಡಾಕತ್ತೀ ಏನು?" ಅಂದರು.

"ಜಗಳಾಡಾಕತ್ತೀನಮ್ಮಾ" ಅಂದ ಆಸೀಮ್. "ಅದ ಗೆಲ್ಲಾಕತ್ತೈತಿ."

ಎಮ್ಮೆಸ್ಸಿಯಲ್ಲಿ ಓದಿದ್ದು ಆಗ ನೆನಪಾಯಿತು. ಇದಕ್ಕೆ ಕೇಯಾಸ್ ಅನ್ನುತ್ತಾರೆ. ಒಂದು ಹನಿ ಕಡಿದು ಬಿದ್ದಾಗ ನಳದ ತುಟಿಗೆ ಉಳಿದ ನೀರು ಸುಮ್ಮನೆ ನಿಲ್ಲುವುದಿಲ್ಲ; ಮೇಲಕ್ಕೆ ಕೆಳಕ್ಕೆ ಜೀಕುತ್ತದೆ. ಅದು ಕೆಳಗಿಳಿಯುವ ಹೊತ್ತಿಗೆ ಮುಂದಿನ ಹನಿ ತುಂಬಿದರೆ ಬೇಗ ಬೀಳುತ್ತದೆ, ಮೇಲೇರುವ ಹೊತ್ತಿಗಾದರೆ ತಡ. ಆ ತಡ ಅದರ ಮುಂದಿನ ಹನಿಯ ಜೀಕನ್ನು ಬದಲಿಸುತ್ತದೆ, ಅದು ಇನ್ನೊಂದರದನ್ನು. ನಿಯಮ ಎಲ್ಲಾ ಗೊತ್ತಿರುತ್ತದೆ, ಮುಂದೇನು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಮರುದಿನ ಪ್ರಿನ್ಸಿಪಾಲರು ಕರೆಸಿದರು.

"ಆಸೀಮ್, ನೋಡ್ರಿ… ಹ್ಹೂಂಮ್… ಮಾತಂದ್ರ ಮಾತು. ನಿಮ್ಮ ಲ್ಯಾಬಿನ್ಯಾಗ ಏನೈತಿ? ಒಂದು ಲೋಲಕ. ಅದೂ ಕೆಟ್ಟ ಗಡಿಯಾರದ್ದು ಬಿಚ್ಚಿದ್ದು. ಕಾಮರ್ಸಿನವರು ಕಂಪ್ಯೂಟರ್ ಇಡಾಕ ಕೋಣಿ ಕೇಳಾಕತ್ಯಾರ."

"ಸರ್, ಲ್ಯಾಬ್ ಹೋದ್ರ ವಿಭಾಗನ ಹೋಗತೈತ್ರಿ. ವಿಭಾಗದ ಹಿಂದ ನಾ ಹೋಗತೀನಿ."

"ಅದಕ್ಕ ಹೇಳಾಕತ್ತೀನಿ. ಬರೋ ತಿಂಗಳು ರಾಯಚೂರಿಂದ ಮಹೇಶ್ವರಿ ಮೇಡಂ ಬರತಾರ. ಫಿಜಿಕ್ಸಿನ್ಯಾಗ ದೊಡ್ಡ ಹೆಸರು, ಆಡಳಿತ ಮಂಡಳಿಯವರು ಅವರ ಮಾತು ಮೀರಂಗಿಲ್ಲ. ಅವರಿಗೆ ತೋರಸಾಕ ಏನರ ಒಂದು ಜೀವ ಇರೋ ಪ್ರಯೋಗ ಮಾಡ್ರಿ. ಅವರು ಹ್ಞೂಂ ಅಂದ್ರ ಲ್ಯಾಬಿನ ಚಾವಿ ನಿಮ್ಮ ಕೈಗೆ. ಉಹ್ಞೂಂ ಅಂದ್ರ ಕಾಮರ್ಸಿಗೆ."

"ಕೇಯಾಸ್ ಮಾಡತೀನ್ರಿ ಸರ್."

"ಹಂಗಂದ್ರ?"

"ಗೊಂದಲ ಸರ್. ಗೊಂದಲ ನೋಡಬೇಕು, ಅಳೀಬೇಕು, ಉಪಯೋಗಕ್ಕ ತರಬೇಕು."

"ಗೊಂದಲ ನೋಡಾಕ ಲ್ಯಾಬ್ ಯಾಕ ಬೇಕ್ರಿ? ಸ್ಟಾಫ್ ರೂಮಿಗೆ ಹೋಗ್ರಿ."

ಅವರು ಅಂದದ್ದು ಸುಳ್ಳಲ್ಲ. ಸ್ಟಾಫ್ ರೂಮಿನಲ್ಲಿ ಆ ದಿನ ತಗಡಿನ ಕೋಣೆಯ ಜಗಳ ನಡೆದಿತ್ತು. ಮೈದಾನದ ಆ ತುದಿಗೆ ತಗಡು ಹೊದಿಸಿದ ಒಂದು ಪರೀಕ್ಷಾ ಕೋಣೆ. ಬೇಸಿಗೆ ಪರೀಕ್ಷೆಯಲ್ಲಿ ಅಲ್ಲಿ ಮೇಲ್ವಿಚಾರಣೆಗೆ ಹೋದವರು ಹಂಚಿನ ಮೇಲಿಂದ ಇಳಿಸಿದ ರೊಟ್ಟಿಯ ಹಾಗೆ ಹೊರಬರುತ್ತಿದ್ದರು. ಯಾರಿಗೆ ಆ ಕೋಣೆ ಅನ್ನುವುದನ್ನು ಪ್ರಿನ್ಸಿಪಾಲರು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ಚೀಟಿಯನ್ನು ಅವರೇ ಬರೆದು, ಅವರೇ ಮಡಿಸಿ, ಅವರೇ ಎತ್ತುತ್ತಿದ್ದರು. ಅವರ ಹೆಸರು ಮಾತ್ರ ಯಾವ ವರ್ಷವೂ ಬಂದಿರಲಿಲ್ಲ. ಆಸೀಮನ ಹೆಸರು ಯಾವ ವರ್ಷವೂ ತಪ್ಪಿರಲಿಲ್ಲ.

ಪ್ರಯೋಗ ಮನೆಯಲ್ಲೇ ಶುರುವಾಯಿತು. ನಳದ ಕೆಳಗೆ ಬೋರಲು ಹಾಕಿದ ಹಾಲಿನ ಪುಡಿಯ ಡಬ್ಬಿ, ಡಬ್ಬಿಯೊಳಗೆ ಪುಟ್ಟ ಮೈಕು, ಮೈಕಿನ ವೈರು ಲ್ಯಾಪ್‌ಟಾಪಿಗೆ. ಹನಿ ಬಿದ್ದ ಸದ್ದಿನಿಂದ ಹನಿಹನಿಯ ನಡುವಿನ ಅಂತರ ಅಳೆಯುವುದು. ಮದುವೆಯಾಗದ ಮಗ ಹಗಲೆಲ್ಲ ಬಚ್ಚಲಿನಲ್ಲಿ ಹನಿಮೂನು ನಡೆಸಿದ್ದಾನೆ ಅಂತ ಓಣಿಯಲ್ಲಿ ಸುದ್ದಿಯಾಯಿತು. ಆಗಲಿ. ತೊಂದರೆ ಅದಲ್ಲ. ಸಿಂಧನೂರಿನಲ್ಲಾಗಲಿ, ಸುತ್ತಿನ ಯಾವ ಊರಲ್ಲಾಗಲಿ, ಸೋರುವ ನಳದ ಮುಂದೆ ಹಾದುಹೋಗುವ ಯಾವ ಹೆಣ್ಣುಮಗಳ ಕೈಯೂ ಸುಮ್ಮನಿರುವುದಿಲ್ಲ. ಮಾತು ಒಬ್ಬರ ಜೊತೆ, ಕಣ್ಣು ಇನ್ನೊಂದೆಡೆ, ಕೈ ಮಾತ್ರ ತನ್ನಷ್ಟಕ್ಕೆ ಹೋಗಿ ನಳ ಬಿಗಿದು ಬರುತ್ತದೆ. ಚಾಂದ್‌ಬೀ ಬಿಗಿದರು. ಸಕ್ಕರೆ ಕೇಳಲು ಬಂದ ಪಕ್ಕದ ಮನೆ ಹೊನ್ನೂರಮ್ಮ ಬಿಗಿದರು. ಆಸೀಮ್ 'ಮುಟ್ಟಬೇಡಿ' ಅಂತ ಕಾಗದ ಅಂಟಿಸಿದ. ಹೊನ್ನೂರಮ್ಮ ಕಾಗದ ಓದುತ್ತ ಓದುತ್ತಲೇ ಬಿಗಿದರು.

"ಅಮ್ಮಾ, ಅದನ್ನ ಸೋರಾಕ ಬಿಡಬೇ!"

"ಸೋರೋ ನಳ ಇಟಗೊಂಡ ಮನ್ಯಾಗ ಬರಕತ್ ಎಲ್ಲಿ ನಿಲ್ಲತೈತೋ? ಟಪಟಪ ಅಂದಂಗೆಲ್ಲಾ ನನ್ನ ಎದಿ ಬಡಕೊಳ್ಳತೈತಿ."

"ಸದ್ದು ಆದ್ರ ತಾನ ನನ್ನ ಕೆಲಸ!"

ತಾಯಿ ಕರಗಿದರು. ಮಗನಿಗೂ ಬೇಸರವಾಗಬಾರದು, ತಮಗೂ ಸದ್ದು ಕೇಳಬಾರದು ಅಂತ ಒಂದು ಉಪಾಯ ಮಾಡಿದರು. ಮರುದಿನ ನೋಡಿದರೆ ನಳದ ಬಾಯಿಗೆ ಒಂದು ಕರಿ ದಾರ ಕಟ್ಟಿತ್ತು. ಅದರ ಇನ್ನೊಂದು ತುದಿ ಬಕೆಟ್ಟಿನಲ್ಲಿ. ಹನಿ ಬೀಳುತ್ತಲೇ ಇರಲಿಲ್ಲ. ನೀರು ದಾರ ಹಿಡಿದುಕೊಂಡು ಕಳ್ಳನ ಹಾಗೆ ಮೆಲ್ಲಗೆ ಇಳಿದುಹೋಗುತ್ತಿತ್ತು. ಲ್ಯಾಪ್‌ಟಾಪು ಇಡೀ ಬೆಳಿಗ್ಗೆ ಮೌನವನ್ನು ಅಳೆದಿತ್ತು.

"ಸೋರಾಕ ಬಿಟ್ಟೀನಲ್ಲ?" ಅಂದರು ಚಾಂದ್‌ಬೀ, ದೊಡ್ಡ ಉಪಕಾರ ಮಾಡಿದ ಮುಖದಲ್ಲಿ.

ಆಸೀಮ್ ಲಿಂಗಸುಗೂರಿಗೆ ಹೋದ. ಅಲ್ಲಿ ಅವನ ಅಕ್ಕ ಕಹಕಶಾಳ ಗಂಡ ಮೌಲಾಹುಸೇನನ ನಳ-ಪೈಪಿನ ಅಂಗಡಿ ಇತ್ತು. ಮೌಲಾಹುಸೇನ ದೊಡ್ಡ ಹೊಟ್ಟೆಯ, ಅದಕ್ಕಿಂತ ದೊಡ್ಡ ಮರ್ಯಾದೆಯ ಮನುಷ್ಯ. ತಾನು ಕೂಡಿಸಿದ ನಳ ಸೋರಿದ ದಿನ ಅಂಗಡಿ ಮುಚ್ಚುತ್ತೇನೆ ಅಂತ ಗಿರಾಕಿಗಳಿಗೆ ಹೇಳಿ ಹೇಳಿ ಅದು ಅವನ ಸಲಾಮಿನ ಜಾಗದಲ್ಲೇ ಕೂತುಬಿಟ್ಟಿತ್ತು. ಗಿರಾಕಿಗಳು ತುಂಬಿದ್ದರು.

"ದುಲ್ಹಾಭಾಯ್, ಒಂದು ಸೋರೋ ನಳ ಬೇಕಿತ್ತು."

ಅಂಗಡಿ ತಣ್ಣಗಾಯಿತು.

"ಏನು ಬೇಕಿತ್ತು?" ಮೌಲಾಹುಸೇನ ಮೆಲ್ಲಗೆ ಕೇಳಿದ.

"ಸೋರೋದು. ಚಲೋ ಸೋರೋದು ಇದ್ರ ಭಾಳ ಚಲೋ. ನಿಮ್ಮಲ್ಲಿ ಸಿಗತೈತಿ ಅಂತ ಬಂದೆ."

ಪೈಪಿನ ಉದ್ದ ನೋಡುತ್ತಿದ್ದ ಲಾಲಪ್ಪ ಅನ್ನುವ ಗಿರಾಕಿ ಪೈಪನ್ನು ಮೆಲ್ಲಗೆ ಗೋಡೆಗೆ ಒರಗಿಸಿ, "ನಾ ನಾಳೆ ಬರತೀನ್ರಿ" ಅಂತ ಹೊರಟುಹೋದ.

"ಸಾಲೇಸಾಬ್" ಅಂದ ಮೌಲಾಹುಸೇನ, ಹೆಂಡತಿಯ ತಮ್ಮನ ಹೆಗಲ ಮೇಲೆ ಕೈಹಾಕಿ, ಆ ಕೈಯನ್ನು ಒಂದಿಷ್ಟು ಒತ್ತಿ, "ಮನಿಗೆ ನಡೀರಿ. ಚಹಾ ಕುಡೀರಿ. ಅಂಗಡ್ಯಾಗ ನಿಂತು ಹಿಂಗ ಬೈಬ್ಯಾಡ್ರಿ."

ಮನೆಯಲ್ಲಿ ಕಹಕಶಾ ಹೊಟ್ಟೆ ಹಿಡಿದು ನಕ್ಕಳು. ಹಿತ್ತಲಿನ ಮೂಲೆಯಿಂದ ಒಂದು ಹಳೇ ಹಿತ್ತಾಳೆ ನಳ ತಂದುಕೊಟ್ಟಳು. "ನಮ್ಮ ಅತ್ತಿ ಕಾಲದ್ದು. ಇವರ ಕೈಲಿ ಇದೊಂದ ಆಗಿಲ್ಲ ನೋಡು. ಎಷ್ಟು ಸಲ ರಿಪೇರಿ ಮಾಡಿದ್ರೂ ಸೋರತೈತಿ. ಅದಕ್ಕ ಹಿತ್ತಲದಾಗ ಮುಚ್ಚಿಟ್ಟಾರ. ಒಯ್ಯಿ, ಆದ್ರ ಯಾರ ಮನೀದು ಅಂತ ಮಾತ್ರ ಹೇಳಬ್ಯಾಡ."

ಮಸ್ಕಿಯ ಲ್ಯಾಬಿನಲ್ಲಿ ಆ ಹಿತ್ತಾಳೆ ನಳ ಹಾಡಿತು. ಎತ್ತರದಲ್ಲಿ ಬಕೆಟ್ಟು, ಕೆಳಗೆ ನಳ, ಅದರ ಕೆಳಗೆ ಡಬ್ಬಿ. ಫ್ಯಾನಿನ ಗಾಳಿಗೆ ಹನಿ ಅಲುಗಬಾರದು ಅಂತ ಸುತ್ತ ಪರದೆ. ಅದಕ್ಕೆ ಬಟ್ಟೆ ಚಾಂದ್‌ಬೀಯದೇ, ಹಳೇ ಬುರ್ಖಾ ಬಿಚ್ಚಿ ಹೊಲಿದುಕೊಟ್ಟಿದ್ದರು. "ಬ್ಯಾರೆಯವರ ಮನ್ಯಾಗ ಎಷ್ಟರ ಸೋರಿಸು" ಅಂತ ಆಶೀರ್ವಾದವನ್ನೂ ಮಾಡಿದ್ದರು. ಆಸೀಮ್ ಪ್ರತಿ ಅಂತರವನ್ನೂ ಅದರ ಮುಂದಿನ ಅಂತರದ ಎದುರಿಗಿಟ್ಟು ಲ್ಯಾಪ್‌ಟಾಪಿನ ಸ್ಕ್ರೀನಿನ ಮೇಲೆ ಚುಕ್ಕಿ ಹಾಕಿಸಿದ. ಹನಿ ನೆಟ್ಟಗೆ ಬೀಳುವಾಗ ಎಲ್ಲ ಚುಕ್ಕಿಗಳೂ ಒಂದೇ ಕಡೆ ಕೂತವು. ಕುಂಟುವಾಗ ಎರಡು ಕಡೆ. ಇನ್ನೊಂದಿಷ್ಟು ತಿರುಗಿಸಿದರೆ ನಾಲ್ಕು ಕಡೆ. ಆಮೇಲೆ ಹುಚ್ಚು ಹಿಡಿಯಿತು. ಆ ಹುಚ್ಚಿನ ಹೊತ್ತಿಗೆ ಚುಕ್ಕಿಗಳು ಮಂಡಾಳು, ಅಂದರೆ ಮಂಡಕ್ಕಿ, ಚೆಲ್ಲಿದ ಹಾಗೆ ಎಲ್ಲೆಲ್ಲೋ ಬೀಳಬಹುದು ಅಂತ ವಿದ್ಯಾರ್ಥಿಗಳು ನೋಡುತ್ತಿದ್ದರೆ, ಅವು ಒಂದೊಂದಾಗಿ, ಹಿಂದು ಮುಂದಾಗಿ, ಆದರೆ ಒಂದು ಬಾಗಿದ ಗೆರೆಯ ಮೇಲೇ ಕೂಡತೊಡಗಿದವು. ಮರದಲ್ಲಿ ತೂಗುವ ಹುಣಸೆಕಾಯಿಯದೇ ಆಕಾರ.

"ಗೊಂದಲಕ್ಕೂ ಒಂದು ಮಾರಿ ಐತಿ ನೋಡ್ರಿ" ಅಂದ ಆಸೀಮ್. ಪಾಠ ಹೇಳುವ ದನಿ ಬದಲಾಗಿತ್ತು. ಅದು ಯಾರ ಮಿಮಿಕ್ರಿಯೂ ಆಗಿರಲಿಲ್ಲ. "ಮುಂದಿನ ಹನಿ ಯಾವಾಗ ಅಂತ ಹೇಳಾಕ ಆಗಂಗಿಲ್ಲ. ಆದ್ರ ಈ ಹುಣಸೀಕಾಯಿ ಬಿಟ್ಟು ಹೊರಗ ಹೋಗಂಗಿಲ್ಲ."

ಬಿಗಿಯುವ ಕೈಗಳ ಕಾಟ ಇಲ್ಲೂ ಇತ್ತು. ಜವಾನ ಅಂಬಪ್ಪ ಕಸ ಹೊಡೆಯಲು ಬಂದವನು ಪರದೆಯೊಳಗೆ ಕೈಹಾಕಿ ಬಿಗಿದುಬಿಡುತ್ತಿದ್ದ. ಆಸೀಮ್ ಪರದೆಯ ಹಿಂದೆ ಕೂತು ಕಾದ. ಹೆಜ್ಜೆ ಸದ್ದು ಕೇಳಿತು. ಕೈ ಒಳಗೆ ಬಂತು. ಆಸೀಮ್ ಗಂಟಲನ್ನು ಪ್ರಿನ್ಸಿಪಾಲರಿಗೆ ಬಾಡಿಗೆ ಕೊಟ್ಟ.

"ಯಾರ್ರೀ ಅದು ನಳ ಮುಟ್ಟೋರು? ನೋಡ್ರಿ… ಹ್ಹೂಂಮ್… ಮಾತಂದ್ರ ಮಾತು. ಕೈ ತಗೀರಿ!"

"ತಪ್ಪಾತ್ರಿ ಸರ್!" ಅಂತ ಕೈ ಹಿಂದೆ ಸರಿಯಿತು.

ಆ ದನಿಯೂ ಪ್ರಿನ್ಸಿಪಾಲರದೇ. ಕೈಹಾಕಿದ್ದು ಕಸ ಹೊಡೆಯುವ ಅಂಬಪ್ಪನಲ್ಲ, ಲ್ಯಾಬು ನೋಡಲು ಬಂದ ಮೈಲಾರಲಿಂಗಪ್ಪನವರು. ಪರದೆಯ ಹಿಂದೆ ಆಸೀಮ್ ಉಸಿರು ಬಿಗಿಹಿಡಿದ. ಹೊರಗೆ ಪ್ರಿನ್ಸಿಪಾಲರು ಕೈಯನ್ನೇ ನೋಡಿಕೊಂಡು, ಹೊರಟುಹೋದರು. ಮಧ್ಯಾಹ್ನ ಅಂಬಪ್ಪನನ್ನು ಕರೆದು ಗಂಭೀರವಾಗಿ ಹೇಳಿದರಂತೆ: "ಆ ನಳಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ನನಗ… ಹ್ಹೂಂಮ್… ಒಳಗಿಂದ ಒಂದು ದನಿ ಬಂತು. ಆತ್ಮಸಾಕ್ಷಿ."

ಅವತ್ತಿನಿಂದ ನಳ ನೆಮ್ಮದಿಯಾಗಿ ಸೋರಿತು.

ಮಹೇಶ್ವರಿ ಮೇಡಂ ಬರುವ ದಿನ ಆಸೀಮ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಲ್ಯಾಬಿಗೆ ಬಂದರೆ, ಬಾಗಿಲಲ್ಲಿ ಮೌಲಾಹುಸೇನ ಮೈಯೆಲ್ಲ ಬೆವರಿ, ಮುಖವೆಲ್ಲ ನಗೆಯಾಗಿ ನಿಂತಿದ್ದ. ಕೈಯಲ್ಲಿ ಸ್ಪ್ಯಾನರು.

"ಸಾಲೇಸಾಬ್, ನಿಮ್ಮ ಆಪಾ ಎಲ್ಲಾ ಹೇಳಿದ್ಲು. ಅವತ್ತ ಅಂಗಡ್ಯಾಗ ನಿಮ್ಮ ಜೋಡಿ ಸಿಟ್ಟಿಲೆ ಮಾತಾಡಿದ್ದು ಮನಸಿನ್ಯಾಗ ಚುಚ್ಚತಿತ್ತು. ರಾಯಚೂರಿಂದ ದೊಡ್ಡ ಮೇಡಂ ಬರತಾರ, ನಮ್ಮ ಹುಡುಗ ಮುರುಕು ನಳ ಇಟಗೊಂಡು ಅವರ ಮುಂದ ನಿಲ್ಲಬೇಕೇನು? ಬೆಳಿಗ್ಗೆನ ಬಂದೆ. ನೋಡ್ರಿ!"

ಪರದೆ ಸರಿಸಿದ. ಹಿತ್ತಾಳೆ ನಳದ ಜಾಗದಲ್ಲಿ ಕನ್ನಡಿಯಂಥ ಹೊಸ ಸ್ಟೀಲು ನಳ. ಅರ್ಧ ತಿರುವಿದರೆ ಧಾರೆ, ಇನ್ನರ್ಧಕ್ಕೆ ಬಂದ್. ನಡುವೆ ಏನೂ ಇಲ್ಲ.

"ಹಳೇದು ಎಲ್ಲಿ?" ಆಸೀಮನ ದನಿ ಆಸೀಮನಿಗೇ ಸಿಗಲಿಲ್ಲ.

"ಗುಜರಿಯವ ಹೊಂಟಿದ್ದ, ಅವನ ಗಾಡ್ಯಾಗ ಒಗದೆ. ಪೀಡಾ ಹೋತು. ಅಷ್ಟ ಅಲ್ಲ, ನಿಮ್ಮ ಕಾಲೇಜಿನ ಎಲ್ಲಾ ನಳ ನೋಡೀನಿ. ಒಂದ ಹನಿ ಬೀಳಂಗಿಲ್ಲ ಈಗ. ಮರ್ಯಾದಿ ಪ್ರಶ್ನೆ!"

ಅಷ್ಟರಲ್ಲಿ ಹೊರಗೆ ಅಂಬಪ್ಪ ವರಾಂಡದ ಬಾಗಿಲು ತೆಗೆಯುವ ಸದ್ದು, ಪ್ರಿನ್ಸಿಪಾಲರ "ಬರ್ರಿ ಮೇಡಂ, ನೋಡ್ರಿ… ಹ್ಹೂಂಮ್…" ಕೇಳಿತು. ಮಹೇಶ್ವರಿ ಮೇಡಂ ಗಿಡ್ಡನೆಯ, ಚುರುಕು ಕಣ್ಣಿನ ಹೆಂಗಸು. ಕಾರು ಕಳಿಸುತ್ತೇವೆ ಅಂದರೂ ಬೇಡವೆಂದು ಬಸ್ಸಿಗೇ ಬಂದಿದ್ದರು. ಹಿಂದೆ ಅರ್ಧ ಸ್ಟಾಫು. ಕಾಮರ್ಸಿನವರು ಆಗಲೇ ಟೇಪು ಹಿಡಿದು ಕೋಣೆಯ ಅಗಲ ನೋಡುತ್ತಿದ್ದರು.

ಆಸೀಮನ ತಲೆಗೆ ಒಂದೇ ದಾರಿ ಹೊಳೆಯಿತು. ದಾರಿ ಹೊಳೆದದ್ದು ತಲೆಗೆ, ಹೊರಟದ್ದು ಮಾತ್ರ ನಾಲಿಗೆ.

"ಮೇಡಂ, ನೀವು ಇಲ್ಲಿ ಸ್ಕ್ರೀನ್ ಮುಂದ ಕೂಡ್ರಿ. ನಾ ಒಳಗ ನಳ ಸರಿಮಾಡತೀನಿ" ಅಂದು ಪರದೆಯೊಳಗೆ ನುಗ್ಗಿ, ಮೊಣಕಾಲೂರಿ, ಡಬ್ಬಿ ಎತ್ತಿ ಮೈಕಿಗೆ ಬಾಯಿಟ್ಟ.

ಟಪ್… ಟಪ್… ಟಪ್…

"ಚಲೋ ಐತಿ" ಅಂದರು ಮೇಡಂ ಹೊರಗಿನಿಂದ. "ಎಲ್ಲಾ ಚುಕ್ಕಿ ಒಂದ ಕಡೆ. ಈಗ ಹರಿವು ಜಾಸ್ತಿ ಮಾಡ್ರಿ."

ಟಪ್-ಟಪ… ಟಪ್-ಟಪ…

"ಎರಡಾತು. ಭೇಷ್. ಇನ್ನೂ ಜಾಸ್ತಿ."

ಈಗ ಬಂತು ಕಷ್ಟ. ಗೊತ್ತುಗುರಿ ಇಲ್ಲದೆ ಬೀಳಬೇಕು. ಆಸೀಮ್ ಟಪ ಅಂದ, ಟಪ್‌ಟಪ್ ಅಂದ, ಸುಮ್ಮನಾದ, ಮತ್ತೆ ಟಪ ಅಂದ. ಮುಂದಿನದನ್ನು ಯೋಚಿಸಿದರೆ ಲೆಕ್ಕವಾಗುತ್ತಿತ್ತು, ಯೋಚಿಸದಿದ್ದರೆ ನಾಲಿಗೆ ತನಗೆ ಗೊತ್ತಿರುವ ಹಾದಿ ಹಿಡಿಯುತ್ತಿತ್ತು. ಹಣೆಯಿಂದ ಒಂದು ಹನಿ ಬೆವರು ಮೈಕಿನ ಮೇಲೆ ಬಿತ್ತು. ಆ ಇಡೀ ಪ್ರಯೋಗದಲ್ಲಿ ಅದೊಂದೇ ನಿಜವಾದ ಹನಿ.

ಹೊರಗೆ ಮೇಡಂ ಕುರ್ಚಿ ಮುಂದಕ್ಕೆಳೆದುಕೊಂಡರು.

"ಪ್ರಿನ್ಸಿಪಾಲ್‌ರೇ, ಇದು ವಿಚಿತ್ರ ಐತ್ರಿ. ಚುಕ್ಕಿ ಬಾಗಿ ಹುಣಸೀಕಾಯಿ ಥರಾ ಬರಬೇಕಿತ್ತು. ಇಲ್ಲಿ ಮಂಡಾಳು ಚೆಲ್ಲಿದಂಗ ಆಗೈತಿ. ಮತ್ತ ನೋಡ್ರಿ ಇಲ್ಲಿ, ಆಗಾಗ ಒಂದು ಉದ್ದನ್ನ ಬಿಡುವು. ಒಂದಿಷ್ಟು ಹನಿ ಆದ ಮ್ಯಾಲೆ ನಳ ಉಸಿರು ತಗೊಳ್ಳಾಕತ್ತೈತಿ."

ಪರದೆಯೊಳಗೆ ಆಸೀಮ್ ಗಾಬರಿಯಾಗಿ ಉಸಿರು ಕಟ್ಟಿದ. ಕಟ್ಟಿದ ಉಸಿರಿನಲ್ಲಿ ನಾಲಿಗೆ ಯಜಮಾನನಿಲ್ಲದ ಎತ್ತಿನ ಹಾಗೆ ತನ್ನ ಹಳೇ ಹಾದಿಗೆ ಹೊರಟಿತು. ಟಪಟ-ಟಪಟ-ಟಪಟ… ಟಪ್ಟಪ! ಟಪಟ-ಟಪಟ-ಟಪಟ… ಟಪ್ಟಪ!

ಮೇಡಂ ಕಿವಿ ನಿಮಿರಿಸಿದರು. ನಿಧಾನಕ್ಕೆ ಅವರ ಮುಖ ಅರಳಿತು.

"ಇದನ್ನ ಎಲ್ಲೋ ಕೇಳೀನಲ್ಲ… ಇವತ್ತ ಬೆಳಿಗ್ಗೆನ ಕೇಳೀನಿ. ಮಸ್ಕಿ-ಮಸ್ಕಿ-ಮಸ್ಕಿ… ಲಿಂಗ್ಸೂರ! ಈ ನಳ ಬಸ್ಸಿಗೆ ಜನ ಕರಿಯಾಕತ್ತೈತ್ರೀ!"

ಒಳಗೆ ಕಟ್ಟಿದ ಉಸಿರು ಕೆಮ್ಮಾಗಿ ಒಡೆಯಿತು. ಸ್ಕ್ರೀನಿನ ಮೇಲೆ ಚುಕ್ಕಿಗಳು ಸಿಡಿಮದ್ದಿನ ಹಾಗೆ ಹಾರಿದವು. ಮೇಡಂ ಎದ್ದು ಪರದೆ ಸರಿಸಿದರು. ಮೊಣಕಾಲೂರಿ, ಡಬ್ಬಿ ಎದೆಗಪ್ಪಿ, ಮೈಕನ್ನು ಕುಲ್ಫಿಯ ಹಾಗೆ ಹಿಡಿದ ಆಸೀಮ್ ಕಂಡ. ಅವನ ತಲೆಯ ಮೇಲೆ ಹೊಸ ನಳ ಒಂದು ಹನಿಯನ್ನೂ ಬಿಡದೆ ಥಳಥಳ ಹೊಳೆಯುತ್ತಿತ್ತು.

ಪ್ರಿನ್ಸಿಪಾಲರಿಗೆ ಏನೋ ಹೊಳೆಯತೊಡಗಿತ್ತು. "ಆಸೀಮ್… ಹಂಗಾದ್ರ ಅವತ್ತಿನ ನನ್ನ ಆತ್ಮಸಾಕ್ಷಿ…"

"ಅದೂ ನಾನ ಸರ್" ಅಂದ ಆಸೀಮ್. ಎದ್ದು ನಿಂತ. ಇನ್ನು ಕಳೆದುಕೊಳ್ಳುವುದೇನೂ ಉಳಿದಿರಲಿಲ್ಲ, ಹಾಗಾಗಿ ದನಿ ನೆಟ್ಟಗಾಯಿತು. "ಮೇಡಂ, ಒಂದು ತಿಂಗಳು ನಿಜವಾದ ನಳ ಸೋರೈತ್ರಿ. ಹುಣಸೀಕಾಯಿನೂ ಬಂದೈತಿ. ಈ ಹುಡುಗರು ನೋಡ್ಯಾರ. ಇವತ್ತ ಬೆಳಿಗ್ಗೆ ನಮ್ಮ ದುಲ್ಹಾಭಾಯ್ ಪ್ರೀತಿಲೆ ರಿಪೇರಿ ಮಾಡಿಬಿಟ್ಟಾರ. ಲ್ಯಾಬ್ ಹೋಗತೈತಿ ಅಂತ ಹೆದರಿ ಬಾಯಿ ಹಾಕಿದೆ. ಲಾರಿ ದನಿ ಮಾಡತೀನಿ, ಪ್ರಿನ್ಸಿಪಾಲರ ದನಿ ಮಾಡತೀನಿ. ಇದರದು ಆಗಲಿಲ್ಲ. ನನ್ನ ಮಾತು ಬಿಡ್ರಿ, ಆ ನಳನ ತನ್ನ ದನಿನ ಎರಡನೇ ಸಲ ಮಾಡಂಗಿಲ್ಲ."

ಮೇಡಂ ಅವನನ್ನು ಬೈಯಲಿಲ್ಲ. ಮೌಲಾಹುಸೇನನ ಕಡೆ ತಿರುಗಿದರು.

"ರಿಪೇರಿ ಮಾಡಿದವರು ನೀವು?"

"ಹೌದ್ರಿ ಮೇಡಂ" ಅಂದ ಮೌಲಾಹುಸೇನ, ಹೊಗಳಿಕೆಗೆ ಎದೆ ಸರಿಮಾಡಿಕೊಂಡು.

"ಇದನ್ನ ಸೋರೋ ಹಂಗ ಮಾಡ್ರಿ."

ಮೌಲಾಹುಸೇನನ ಎದೆ ಇಳಿಯಿತು. ಕೋಣೆಯ ತುಂಬ ಜನ. ಎಲ್ಲರ ಎದುರು, ತನ್ನ ಕೈಯಾರೆ, ತಾನು ಕೂಡಿಸಿದ ನಳ! "ಮೇಡಂ, ಧಾರಿ ಬೇಕಾದ್ರ ಬಿಡತೀನಿ. ಪೈಪ್ ಒಡೀ ಅಂದ್ರ ಒಡೀತೀನಿ. ಸೋರಿಸು ಅಂದ್ರ ಹೆಂಗ್ರೀ? ಲಿಂಗಸುಗೂರಿಗೆ ಸುದ್ದಿ ಹೋತಂದ್ರ…"

"ದುಲ್ಹಾಭಾಯ್" ಅಂದ ಆಸೀಮ್, "ನೀವು ಸೋರಸಲಿಲ್ಲ ಅಂದ್ರ ನಾ ನಾಳೆಯಿಂದ ನಿಮ್ಮ ಅಂಗಡ್ಯಾಗ ಕೂಡತೀನಿ. ಗಿರಾಕಿಗೆಲ್ಲಾ ನಿಮ್ಮ ದನಿಲೆ ಮಾತಾಡತೀನಿ."

ಮೌಲಾಹುಸೇನ ತಕ್ಷಣ ಸ್ಪ್ಯಾನರು ಎತ್ತಿದ. ನಳದ ಮಂಡೆ ಬಿಚ್ಚಿದ. ಸುತ್ತ ನೋಡಿ, ಚಾಂದ್‌ಬೀಯ ಪರದೆಯ ಅಂಚಿನಿಂದ ಒಂದು ಕರಿ ಎಳೆ ಕಿತ್ತು, ಒಳಗಿನ ರಬ್ಬರಿನ ಕೆಳಗೆ ಸಿಕ್ಕಿಸಿ, ಕಣ್ಣು ಮುಚ್ಚಿ, "ಬಿಸ್ಮಿಲ್ಲಾ" ಅಂದು ಬಿಗಿದ. ಬಿಗ್ಗನೆ ಅಲ್ಲ, ಅಷ್ಟಕ್ಕಷ್ಟೇ.

ಟಪ್.

ಆಸೀಮ್ ಡಬ್ಬಿ ಬೋರಲು ಹಾಕಿದ. ಸ್ಪ್ಯಾನರಿನಿಂದ ನಳ ಕೂದಲೆಳೆಯಷ್ಟು ಸಡಿಲಾದಂತೆಲ್ಲ ಸ್ಕ್ರೀನಿನ ಮೇಲೆ ಚುಕ್ಕಿ ಒಂದು ಕಡೆ, ಆಮೇಲೆ ಎರಡು ಕಡೆ, ಆಮೇಲೆ ನಾಲ್ಕು. ಮೌಲಾಹುಸೇನ ಕಣ್ಣು ಬಿಟ್ಟ. "ಇನ್ನೊಂದಿಷ್ಟು ಸೋರಸಲೇನ್ರಿ?" ಅಂತ ತಾನೇ ಕೇಳಿದ. ಹನಿ ಲಯ ಬಿಟ್ಟಿತು. ಚುಕ್ಕಿಗಳು ಇಲ್ಲೊಂದು ಅಲ್ಲೊಂದು ಬಿದ್ದು, ಬಿದ್ದು, ಬಾಗಿದವು. ಹಿಂದಿನಿಂದ ಅಂಬಪ್ಪನೇ ಮೊದಲು ಕೂಗಿದ: "ಹುಣಸೀಕಾಯಿ ಬಂತ್ರೀ!"

ಮೇಡಂ ಬಹಳ ಹೊತ್ತು ನೋಡಿದರು. ಆಮೇಲೆ ಆಸೀಮ್ ಬಾಯಿಂದ ಹಾಕಿದ್ದ ಚಿತ್ರವನ್ನೂ ಪಕ್ಕಕ್ಕೆ ತರಿಸಿದರು. "ಇವೆರಡನ್ನೂ ಜೋಡಿ ಮಾಡಿ ಗ್ವಾಡಿಗೆ ಹಾಕ್ರಿ. ಒಂದು ನಳ, ಒಂದು ಮನುಷ್ಯ. ಇಷ್ಟು ಚಲೋ ಹೋಲಿಕಿ ನಾ ಯಾವ ಲ್ಯಾಬಿನ್ಯಾಗೂ ನೋಡಿಲ್ಲ. ಆದ್ರ ನನ್ನ ಪ್ರಶ್ನಿ ಒಂದ: ಇದನ್ನ ಎದಕ್ಕ ಉಪಯೋಗ ಮಾಡತೀರಿ?"

ಆಸೀಮನ ಕಣ್ಣು ಕಿಟಕಿಯಾಚೆ ಮೈದಾನದ ತುದಿಗೆ ಹೋಯಿತು. ಅಲ್ಲಿ ತಗಡು ಬಿಸಿಲಿಗೆ ಕುದಿಯುತ್ತಿತ್ತು.

"ಯಾರಿಗೂ ಮೊದಲ ಗೊತ್ತಾಗಬಾರದು, ಯಾರೂ ಕೈಯಾಡಸಬಾರದು, ಅಂಥಾ ಕಡೆ ಮೇಡಂ. ಚೀಟಿ ಎತ್ತೋ ಕಡೆ."

ಸ್ಟಾಫಿನಲ್ಲಿ ಒಂದು ಅಲೆ ಎದ್ದಿತು. "ತಗಡಿನ ಕೋಣಿ! ಇದರಲೆ ಆಗಲಿ ಸರ್!" ಟೇಪು ಹಿಡಿದಿದ್ದ ಕಾಮರ್ಸಿನ ಅನಿಲಕುಮಾರನೂ ಟೇಪು ಸುತ್ತಿ ಜೇಬಿಗಿಟ್ಟು, "ಇವತ್ತ ಆಗಲಿ!" ಅಂದ.

"ಚೀಟಿಗೆ ಏನಾಗೈತಿ?" ಅಂದರು ಪ್ರಿನ್ಸಿಪಾಲರು.

ಮೇಡಂಗೆ ಒಬ್ಬರು ಕಿವಿಯಲ್ಲಿ ವಿಷಯ ಹೇಳಿದರು. ಅವರು ನಗು ನುಂಗಿಕೊಂಡು ಎಲ್ಲರಿಗೂ ಅಂಗೈ ಮೇಲೆ ಒಂದೊಂದು ಅಂಕಿ ಬರೆದುಕೊಟ್ಟರು, ಪ್ರಿನ್ಸಿಪಾಲರಿಗೂ ಸೇರಿಸಿ. ತಾವು ಕೈಯೆತ್ತಿದಾಗ ಬಿದ್ದ ಹನಿಯ ಅಂತರ ನೋಡುವುದು, ಅದರ ಕಟ್ಟಕಡೆಯ ಅಂಕಿ ಯಾರದೋ ಅವರಿಗೆ ಮೊದಲ ದಿನದ ತಗಡು ಅಂದರು.

"ಮೇಡಂ" ಅಂದರು ಪ್ರಿನ್ಸಿಪಾಲರು, ಕಟ್ಟಕಡೆಯ ಆಸರೆಗೆ ಕೈಚಾಚಿ, "ಈ ಆಸೀಮ್ ಮತ್ತ ಬಾಯಿ ಹಾಕಿದ್ರ?"

"ಅದೂ ಖರೇ" ಅಂದರು ಮೇಡಂ. "ಅಂಬಪ್ಪಾ, ಇವರ ಬಾಯಿ ತುಂಬ ನೀರು ಹಾಕು. ನುಂಗಂಗಿಲ್ಲ, ಉಗುಳಂಗಿಲ್ಲ."

ಅಂಬಪ್ಪ ಚೆಂಬು ತಂದ. ಆಸೀಮ್ ಎರಡೂ ಕೆನ್ನೆ ಉಬ್ಬಿಸಿ ನಳದ ಪಕ್ಕ ನಿಂತ. ಟಪ. ಟಪ್‌ಟಪ. ಟ… ಟಪ. ಮೇಡಂ ಕೈಯೆತ್ತಿದರು. ಎಲ್ಲರೂ ಸ್ಕ್ರೀನಿಗೆ ಬಗ್ಗಿದರು.

"ಏಳು" ಅಂದರು ಮೇಡಂ. "ಏಳು ಯಾರು?"

ಎಲ್ಲರೂ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಮೈಲಾರಲಿಂಗಪ್ಪನವರು ಮಾತ್ರ ನೋಡಿಕೊಳ್ಳಲಿಲ್ಲ. ಅವರು ಕಿಟಕಿಯಾಚೆ ತಗಡಿನ ಕೋಣೆಯನ್ನು ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಜೇಬಿಗೆ ಕೈಹಾಕಿ ಲ್ಯಾಬಿನ ಚಾವಿ ತೆಗೆದು, ಮೇಡಂ ಹ್ಞೂಂ ಅನ್ನುವವರೆಗೂ ಕಾಯದೆ, ಆಸೀಮನ ಅಂಗೈಯಲ್ಲಿಟ್ಟರು.

"ನೋಡ್ರಿ… ಹ್ಹೂಂಮ್… ಮಾತಂದ್ರ ಮಾತು" ಅಂತ ಕೇಳಿಸಿತು.

ಇಡೀ ಸ್ಟಾಫು ಗಕ್ಕನೆ ಆಸೀಮನ ಕಡೆ ತಿರುಗಿತು. ಅವನ ಎರಡೂ ಕೆನ್ನೆ ಇನ್ನೂ ತುಂಬಿದ್ದವು. ಕಣ್ಣಲ್ಲಿ ನೀರು ಬಂದಿತ್ತು. ಭುಜ ಕುಲುಕುತ್ತಿತ್ತು. ತಾನಲ್ಲ ತಾನಲ್ಲ ಅಂತ ತಲೆ ಅಲ್ಲಾಡಿಸುತ್ತ, ಒಂದು ಕೈಯಲ್ಲಿ ಚಾವಿ, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡ. ನುಂಗಲಾಗಲಿಲ್ಲ. ಮೇಡಂ ಸೆರಗು ಒಟ್ಟಿಕೊಂಡು ಹಿಂದೆ ಸರಿದರು. ಪ್ರಿನ್ಸಿಪಾಲರು ಸರಿಯಲಿಲ್ಲ, ಮತ್ತು ಆ ನೀರು ಎಲ್ಲೆಲ್ಲಿ ಬಿತ್ತು ಅನ್ನುವುದನ್ನು ಯಾವ ನಿಯಮದಿಂದಲೂ ಮೊದಲೇ ಹೇಳಲು ಸಾಧ್ಯವಿರಲಿಲ್ಲ.